ಬೀಥಿಕಾ ಮಾಶಿ ಹೇಳಿದ ದರ್ಜಿಯ ಕಥೆ

ಕುವೈತಿನ ಮಂಗಫ್‌ನಲ್ಲಿರುವ ನಮ್ಮ ಕಟ್ಟಡದ ಮೂರನೆಯ ಮಹಡಿಗೆ ಹೊಸದಾಗಿ ಯಾರೋ ಬಂದಿದ್ದಾರೆ. ಯಾರೆಂದು ನಾನಿನ್ನೂ ನೋಡಿಲ್ಲ, ಆದರೆ ಎಲ್ಲಿಯವರೆಂದು ಮೂಗಿಗೆ ಗೊತ್ತಾಗಿದೆ. ಕಳೆದ ಶುಕ್ರವಾರ ಲಿಫ್ಟು ಕೆಟ್ಟಿತ್ತು. ಜಮಿಯಾದಿಂದ, ಅಂದರೆ ಬಡಾವಣೆಯ ಸಹಕಾರಿ ಅಂಗಡಿಯಿಂದ ತಂದ ಸಾಮಾನಿನ ಚೀಲಗಳನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಮೂರನೆಯ ಮಹಡಿಯ ತಿರುವಿನಲ್ಲಿ ಸಾಸಿವೆ ಎಣ್ಣೆ ಕಾದು ಹೊಗೆಯೇಳುವ ಘಾಟು ಬಂದು ಮುಖಕ್ಕೆ ಹೊಡೆಯಿತು. ಅದರ ಹಿಂದೆಯೇ ಅರೆದ ಸಾಸಿವೆ, ಹಸಿಮೆಣಸು, ಸುಬೂರ್ ಮೀನು. ಬೇರೆ ಯಾರಿಗಾದರೂ ಇಂಥ ಹೊತ್ತಿನಲ್ಲಿ ಬಾಯಲ್ಲಿ ನೀರೂರುತ್ತದೆ, ಇಲ್ಲವೇ ಕೆಮ್ಮು ಬರುತ್ತದೆ. ನನಗೆ ಎರಡೂ ಆಗಲಿಲ್ಲ. ನನಗೆ ನಾಚಿಕೆಯಾಯಿತು. ನಲವತ್ತು ದಾಟಿದ, ವಿಮಾ ಕಂಪನಿಯೊಂದರಲ್ಲಿ ಹತ್ತು ಜನರ ಮೇಲೆ ಅಧಿಕಾರ ನಡೆಸುವ ಹೆಂಗಸು ನಾನು. ಯಾರದೋ ಮನೆಯ ಮುಚ್ಚಿದ ಬಾಗಿಲ ಮುಂದೆ ಚೀಲ ಕೆಳಗಿಟ್ಟು ತಲೆ ತಗ್ಗಿಸಿ ನಿಂತೆ. ಒಳಗಿನಿಂದ ಯಾರಾದರೂ ಬಾಗಿಲು ತೆರೆದಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಯಾರೂ ತೆರೆಯಲಿಲ್ಲ. ಚೀಲ ಎತ್ತಿಕೊಂಡು ಮೇಲೆ ಬಂದೆ.

ನಾನು ಬೆಳೆದದ್ದು ಹವಲ್ಲಿಯಲ್ಲಿ, ಎರಡು ಮಲಗುವ ಕೋಣೆ, ಒಂದು ಹಾಲು, ಒಂದು ಅಡಿಗೆಮನೆಯಿದ್ದ ಹಳೆಯ ಫ್ಲಾಟಿನಲ್ಲಿ. ಇಡೀ ಫ್ಲಾಟು ನಮ್ಮದೆಂದು ಹೇಳಿಕೊಳ್ಳುವ ಯೋಗ ನಮಗಿರಲಿಲ್ಲ. ಆಗ ನಮ್ಮ ಕಡೆಯವರ ಹೆಚ್ಚಿನ ಸಂಸಾರಗಳು ನಡೆದದ್ದೇ ಹಾಗೆ: ಒಂದು ಫ್ಲಾಟು, ಎರಡು ಕುಟುಂಬ, ಕೋಣೆ ಅವರವರದು, ಅಡಿಗೆಮನೆಯೂ ಬಚ್ಚಲೂ ಇಬ್ಬರದು. ಹಾಲಿನಲ್ಲಿ ನಮ್ಮ ಸೋಫಾ, ಅವರ ಕಪಾಟು. ಫ್ರಿಜ್ಜಿನ ಮೇಲಿನೆರಡು ಖಾನೆ ನಮಗೆ, ಕೆಳಗಿನೆರಡು ಅವರಿಗೆ. ಅಪ್ಪ ಒಂದು ಸಾಮಾನು ಸಾಗಣೆ ಕಂಪನಿಯ ಆಫೀಸಿನಲ್ಲಿ ಗುಮಾಸ್ತರು. ಬೆಳಿಗ್ಗೆ ಆರೂವರೆಗೆ ಬಸ್ಸು ಹತ್ತಿ ಸಿಟಿಗೆ ಹೋದರೆ ಬರುತ್ತಿದ್ದದ್ದು ಸಂಜೆಗೆ. ಅಮ್ಮ ಮನೆಯಲ್ಲಿ. ನಮ್ಮ ಮಾತು ತುಳು. ಇನ್ನೊಂದು ಕೋಣೆಯಲ್ಲಿ ಬಂದು ಹೋದವರಲ್ಲಿ ಒಬ್ಬರು ಕೇರಳದವರು, ಒಬ್ಬರು ಗೋವಾದವರು. ಅವರ ಮುಖಗಳು ನನಗೆ ನೆನಪಿಲ್ಲ. ನನಗೆ ಹನ್ನೊಂದು ವರ್ಷವಾದಾಗ ಬಂದವರು ಬಂಗಾಳದ ಸುಬೋಧ್ ಬಾಬು ಮತ್ತು ಅವರ ಹೆಂಡತಿ ಬೀಥಿಕಾ ಮಾಶಿ; ಮಾಶಿ ಎಂದರೆ ಅವರ ಮಾತಿನಲ್ಲಿ ಚಿಕ್ಕಮ್ಮ. ಅವರು ಅಲ್ಲಿದ್ದದ್ದು ಮೂರೇ ವರ್ಷ, ಆದರೂ ಆ ಮನೆಯೆಂದರೆ ಇವತ್ತಿಗೂ ನನ್ನ ಕಣ್ಣ ಮುಂದೆ ನಿಲ್ಲುವುದು ಆ ಮೂರು ವರ್ಷದ ಮನೆಯೇ.

ಸುಬೋಧ್ ಬಾಬು ನಕ್ಷೆ ಬರೆಯುವ ಕೆಲಸದವರು, ಮಾತು ಕಡಿಮೆ. ಮಾಶಿ ಹತ್ತಿರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಹೆಸರು ಬರೆದುಕೊಳ್ಳುವ ಮೇಜಿನ ಹಿಂದೆ ಕೂರುತ್ತಿದ್ದರು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಕ್ಲಿನಿಕ್ಕಿಗೆ ಬಿಡುವು. ನಾನು ಶಾಲೆಯಿಂದ ಬರುವುದೂ ಅವರು ಬರುವುದೂ ಹೆಚ್ಚುಕಡಿಮೆ ಒಂದೇ ಹೊತ್ತು. ಎತ್ತರದ, ತೆಳ್ಳಗಿನ ಹೆಂಗಸು. ದೊಡ್ಡ ಕನ್ನಡಕ, ಕೈಯಲ್ಲಿ ಶಂಖದ ಬಳೆ. ಮಕ್ಕಳಿರಲಿಲ್ಲ. ಬಂದ ಮೊದಲ ವಾರವೇ ಅಮ್ಮ ಊರಿಂದ ಹೊತ್ತು ತಂದಿದ್ದ ಮೆಟ್ಟುಕತ್ತಿಯನ್ನು ಅಡಿಗೆಮನೆಯ ನೆಲದಲ್ಲಿ ನೋಡಿ ಅವರು ಕುಣಿದಾಡಿಬಿಟ್ಟರು. ಅವರ ಊರಿನಲ್ಲೂ ಹೆಂಗಸರು ಹೀಗೆಯೇ ಕತ್ತಿಯ ಮಣೆಯನ್ನು ಕಾಲಿನಲ್ಲಿ ಮೆಟ್ಟಿ ಮೀನು ಕೊಯ್ಯುತ್ತಾರಂತೆ. ಮೀನಿನ ಮಾರ್ಕೆಟ್ಟಿನಲ್ಲಿ ಇಲ್ಲಿಯವರು ಸುಬೂರ್ ಎಂದು ಮಾರುವ ಮುಳ್ಳುಮೀನು ತಮ್ಮ ನದಿಯ ಇಲಿಶ್ ಮೀನೇ ಎಂದು ಕಂಡುಹಿಡಿದು ಬಂದ ದಿನವಂತೂ ಅವರಿಗೆ ನೆಲ ಕಾಣುತ್ತಿರಲಿಲ್ಲ. ಅಮ್ಮನಿಗೆ ಮೊದಮೊದಲು ಸಾಸಿವೆ ಎಣ್ಣೆ ಸೇರುತ್ತಿರಲಿಲ್ಲ. "ತಲೆಗೆ ಹಚ್ಚುವ ಎಣ್ಣೆಯಲ್ಲಿ ಮೀನು ಕಾಯಿಸ್ತಾರಲ್ಲ ಮಾರಾಯ್ತಿ, ಎಂತ ಜನ" ಎಂದು ನನ್ನ ಹತ್ತಿರ ಪಿಸುಗುಟ್ಟಿದ್ದಳು. ಆರು ತಿಂಗಳಲ್ಲಿ ನಮ್ಮ ಪುಳಿಮುಂಚಿ ಅವರ ತಟ್ಟೆಗೆ, ಅವರ ಸಾಸಿವೆ ಮೀನು ನಮ್ಮ ತಟ್ಟೆಗೆ ಹೋಗಿ ಬಂದು ಮಾಡತೊಡಗಿದವು. ಒಂದೇ ಮೆಟ್ಟುಕತ್ತಿಯಲ್ಲಿ ಸರದಿಯ ಮೇಲೆ ಕೊಯ್ಯುತ್ತ ಇಬ್ಬರೂ ತಮಗೆ ಬಾರದ ಹಿಂದಿಯಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದರು.

ಮಾಶಿ ಕಥೆ ಬರೆಯುತ್ತಾರೆ ಎಂದು ನಮಗೆ ಗೊತ್ತಾದದ್ದು ಸುಮಾರು ದಿನಗಳ ಮೇಲೆ. ಹಾಲಿನಲ್ಲಿದ್ದ ಅವರ ಕಪಾಟಿನಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಗಂಟು ಇತ್ತು. ಚಿನ್ನ ಇರಬೇಕು ಎಂದು ಅಮ್ಮ ಅಂದುಕೊಂಡಿದ್ದಳು. ಬಿಚ್ಚಿ ತೋರಿಸಿದಾಗ ಒಳಗಿದ್ದದ್ದು ಹಳದಿಯಾದ ಏಳೆಂಟು ಸಣ್ಣ ಪತ್ರಿಕೆಗಳು. ನದಿ ದಂಡೆಯ ಸಣ್ಣ ಊರಿನಲ್ಲಿ, ಗ್ರಂಥಾಲಯದ ಗುಮಾಸ್ತರ ಮಗಳಾಗಿ ಹುಟ್ಟಿದ ಮಾಶಿಯ ಮೊದಲ ಕಥೆ ಹದಿನೇಳನೆಯ ವಯಸ್ಸಿನಲ್ಲಿ ಅಚ್ಚಾಗಿತ್ತು. ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಹದಿನಾಲ್ಕು ಜನ. ಕಾಗದ ಹರಡಿಕೊಂಡು ಕೂರಲು ಜಾಗವಿರಲಿಲ್ಲ. "ನನಗೆ ಬರೆಯಲು ಜಾಗ ಕೊಟ್ಟದ್ದು ಕುವೈತಿನ ಈ ಅಡಿಗೆಮನೆ" ಎನ್ನುತ್ತಿದ್ದರು. ಅದೇನು ಜಾಗ! ಮಜ್ಜಿಗೆ ಡಬ್ಬ ತರುವ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಬೋರಲು ಹಾಕಿ, ಎಕ್ಸಾಸ್ಟ್ ಫ್ಯಾನಿನ ಕೆಳಗೆ ಕೂತು, ಮೊಣಕಾಲ ಮೇಲೆ ರೊಟ್ಟಿ ಲಟ್ಟಿಸುವ ಹಲಗೆ ಇಟ್ಟುಕೊಂಡು, ಕ್ಲಿನಿಕ್ಕಿನವರು ಬಿಸಾಕಿದ ಹಳೆಯ ಪಟ್ಟಿಗಳ ಹಿಂಬದಿಯಲ್ಲಿ ಬರೆಯುತ್ತಿದ್ದರು. ಒಂದು ಬದಿಯಲ್ಲಿ ಯಾರದೋ ಬುದ್ಧಿಹಲ್ಲು, ಇನ್ನೊಂದು ಬದಿಯಲ್ಲಿ ಕಥೆ.

ಆದರೆ ಬರೆಯುವ ಮೊದಲು ಅವರದೊಂದು ಕ್ರಮವಿತ್ತು. ಕಥೆಯನ್ನು ಮೊದಲು ಬಂಗಾಳಿ ಬಾರದ ಯಾರಿಗಾದರೂ ಬಾಯಲ್ಲಿ ಹೇಳಬೇಕು, ಅದೂ ಹರಕು ಹಿಂದಿಯಲ್ಲಿ, ಒಂದಲ್ಲ ಮೂರು ಸಲ. ಬಂಗಾಳಿಯಲ್ಲಿ ಹೇಳಿದರೆ ಮಾತೇ ಸಿಹಿಯಾಗಿ ಕಥೆಯ ತೂತುಗಳೆಲ್ಲ ಮುಚ್ಚಿಹೋಗುತ್ತವಂತೆ, ಹಿಂದಿಯಲ್ಲಿ ತಡವರಿಸುತ್ತ ಹೇಳಿದಾಗಲೂ ಕೇಳುವವರು "ಆಮೇಲೆ?" ಎಂದರೆ ಮಾತ್ರ ಅದು ಕಥೆಯಂತೆ. ಆ ಕೇಳುವ ಕೆಲಸ ನನಗೆ ಬಂತು. ಮಾಶಿಯ ಹಿಂದಿಯಲ್ಲಿ ಗಂಡು ಹೆಣ್ಣೆಂಬ ಭೇದವಿರಲಿಲ್ಲ. ಗಂಡ "ಬರುತ್ತಿದ್ದಳು", ಹೆಂಡತಿ "ಅಳುತ್ತಿದ್ದ". ನಾನು ನಕ್ಕರೆ ಅವರೂ ನಗುತ್ತಿದ್ದರು. ಹೊರಗೆ ಧೂಳಿನ ಗಾಳಿಗೆ ಕಿಟಕಿ ಮುಚ್ಚಿ, ಒಳಗೆ ಏಸಿಯ ಗುರ್ರೆಂಬ ಸದ್ದು, ಅಮ್ಮ ಕೋಣೆಯಲ್ಲಿ ಮಧ್ಯಾಹ್ನದ ನಿದ್ದೆ. ನಾನು ಅಡಿಗೆಮನೆಯ ಕಪಾಟಿಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತು, ಬಿಸಿ ಕುಬ್ಬೂಸು ರೊಟ್ಟಿಗೆ ಸಕ್ಕರೆ ಉದುರಿಸಿ ತಿನ್ನುತ್ತ ಕೇಳುತ್ತಿದ್ದೆ. ಹಲ್ಲು ಕೀಳಿಸಿಕೊಳ್ಳಲು ಬಂದ ಲಾರಿ ಡ್ರೈವರು, ಯಜಮಾನತಿಯ ಹಲ್ಲು ಸೆಟ್ಟನ್ನು ಕರವಸ್ತ್ರದಲ್ಲಿ ಕಟ್ಟಿ ತಂದ ಮನೆಗೆಲಸದವಳು, ಎಲ್ಲರೂ ಆ ಅಡಿಗೆಮನೆಗೆ ಬಂದು ಹೋದರು. ನಿಮಗೂ ಇಂಥದೊಂದು ಜಾಗ ಇದ್ದಿರಬಹುದು. ಇದ್ದರೆ ಹೇಳಿ, ಅಲ್ಲಿಂದ ಎದ್ದು ಹೋಗುವಾಗ ಅದು ಕೊನೆಯ ಸಲ ಎಂದು ನಿಮಗೆ ಗೊತ್ತಿತ್ತೇ? ನನಗೆ ಗೊತ್ತಿರಲಿಲ್ಲ.

ದರ್ಜಿಯ ಕಥೆಯನ್ನು ಅವರು ಮೊದಲು ಹೇಳಿದ್ದು ನಾನು ಎಂಟನೆಯ ತರಗತಿಗೆ ಹೋದ ವರ್ಷ. ಕಥೆ ಹೀಗಿತ್ತು. ಹವಲ್ಲಿಯ ಒಂದು ಗಲ್ಲಿಯಲ್ಲಿ ಒಬ್ಬ ದರ್ಜಿ. ಊರಲ್ಲಿ ಹೆಂಡತಿ, ಮೂರು ವರ್ಷದ ಮಗಳು. ಹೆಂಡತಿಗೆ ಅಳತೆ ಬರೆದು ಕಳಿಸಲು ಬಾರದು. ಅದಕ್ಕೆ ವರ್ಷಕ್ಕೊಮ್ಮೆ ಕಾಗದದ ಒಳಗೆ ಒಂದು ನೂಲು ಇಟ್ಟು ಕಳಿಸುತ್ತಾಳೆ. ಆ ನೂಲಿನಲ್ಲಿ ಭುಜಕ್ಕೊಂದು, ಸೊಂಟಕ್ಕೊಂದು, ಮೊಣಕಾಲಿಗೊಂದು ಗಂಟು. ಅದನ್ನು ಮೇಜಿನ ಮೇಲೆ ಚಾಚಿಟ್ಟು ದರ್ಜಿ ಒಂದು ಫ್ರಾಕು ಹೊಲಿದು, ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಾನೆ. ವರ್ಷ ವರ್ಷ ನೂಲು ಉದ್ದವಾಗುತ್ತದೆ. ಅದನ್ನು ನೋಡಿಯೇ ಅವನಿಗೆ ಮಗಳನ್ನು ಕಂಡಷ್ಟು ಸಂತೋಷ. ಏಳು ವರ್ಷದ ಮೇಲೆ ರಜೆ ಸಿಕ್ಕಿ ಊರಿಗೆ ಹೋಗುತ್ತಾನೆ. ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಏಳು ಫ್ರಾಕು. ಎರಡು ಮಾತ್ರ ತೊಟ್ಟು ಹಳೆಯದಾಗಿವೆ. ಐದರ ಇಸ್ತ್ರಿಯ ಮಡಿಕೆ ಕೂಡ ಬಿಚ್ಚಿಲ್ಲ. ಅವನು ಊರು ಬಿಟ್ಟ ಎರಡನೆಯ ವರ್ಷವೇ ಮಗು ಜ್ವರದಲ್ಲಿ ಹೋಗಿತ್ತು. ದೂರದ ಊರಲ್ಲಿ ಒಬ್ಬನೇ ಇರುವ ಗಂಡ ಕುಸಿದಾನೆಂದು ಹೆಂಡತಿ ಪ್ರತಿವರ್ಷ ನೂಲನ್ನು ಸ್ವಲ್ಪ ಸ್ವಲ್ಪ ಉದ್ದ ಮಾಡಿ ಕಳಿಸುತ್ತ ಬಂದಿದ್ದಳು.

ನಾನು ಕುಬ್ಬೂಸು ಕೈಯಲ್ಲಿ ಹಿಡಿದೇ ಕೂತಿದ್ದೆ. ಆಮೇಲೆ ಕೇಳಿದೆ: "ಎಷ್ಟು ಉದ್ದ ಮಾಡಬೇಕು ಅಂತ ತಾಯಿಗೆ ಹೇಗೆ ಗೊತ್ತಾಗ್ತಿತ್ತು?" ಮಾಶಿಯ ಕೈ ಮೆಟ್ಟುಕತ್ತಿಯ ಮೇಲೆ ನಿಂತಿತು. ಮರುದಿನ ಕ್ಲಿನಿಕ್ಕಿನಿಂದ ಬಂದವರು ಚಪ್ಪಲಿಯನ್ನೂ ಬಿಚ್ಚದೆ ಹೇಳಿದರು: ಪಕ್ಕದ ಮನೆಯಲ್ಲಿ ಅದೇ ವಯಸ್ಸಿನ ಹುಡುಗಿಯೊಬ್ಬಳಿದ್ದಳು, ವರ್ಷಕ್ಕೊಮ್ಮೆ ಅವಳನ್ನು ಕರೆದು, ಕೈಗೊಂದು ಬೆಲ್ಲದ ಚೂರು ಕೊಟ್ಟು, ಗೋಡೆಗೆ ನಿಲ್ಲಿಸಿ ಅಳೆಯುತ್ತಿದ್ದಳು. ಹೇಳಿ ನನ್ನ ಕೆನ್ನೆ ಹಿಂಡಿದರು. "ಇದು ನಿನ್ನಿಂದ ಬಂತು, ನೋಡು. ಇದು ನಿನ್ನದು." ಅವರು ಪ್ರೀತಿಯಿಂದ ಆಡಿದ ಮಾತು ಅದು. ನಾನು ಅದನ್ನು ದಸ್ತಾವೇಜಿನ ಹಾಗೆ ಎತ್ತಿಟ್ಟುಕೊಂಡೆ.

ಕಥೆ ಮಾಶಿಗೆ ಮುಗಿದಿರಲಿಲ್ಲ. ಪೆಟ್ಟಿಗೆ ತೆರೆಯುವುದನ್ನು ಯಾರು ಬೇಕಾದರೂ ಬರೆದಾರು, ತೆರೆದ ಮೇಲೆ ಅವನು ಹೆಂಡತಿಗೆ ಏನನ್ನುತ್ತಾನೆ ಅನ್ನುವುದು ತಮಗೆ ಸಿಕ್ಕಿಲ್ಲ ಎಂದು ಅವರು ತಿಂಗಳುಗಟ್ಟಲೆ ಒದ್ದಾಡಿದರು. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಅದೇ ಹೊತ್ತಿಗೆ ಶಾಲೆಯಲ್ಲಿ ಇಂಗ್ಲಿಷ್ ಕಥಾಸ್ಪರ್ಧೆ ಬಂತು. ಗೆದ್ದ ಕಥೆ ಶಾಲೆಯ ವಾರ್ಷಿಕ ಪುಸ್ತಕದಲ್ಲಿ ಫೋಟೊ ಸಮೇತ ಬರುತ್ತಿತ್ತು. ಫೋಟೊ ಎಂದ ಕೂಡಲೇ ನನ್ನ ತಲೆ ನೆಟ್ಟಗಿರಲಿಲ್ಲ. ಒಂದು ಸಂಜೆ ಕೂತು ದರ್ಜಿಯ ಕಥೆಯನ್ನು, ನೂಲು, ಗಂಟು, ಬೆಲ್ಲದ ಚೂರು ಸಮೇತ, ಪೆಟ್ಟಿಗೆ ತೆರೆಯುವಲ್ಲಿಯವರೆಗೆ ಇಂಗ್ಲಿಷಿನಲ್ಲಿ ಬರೆದು ಕೊಟ್ಟೆ. ಕದಿಯುತ್ತಿದ್ದೇನೆ ಎಂದು ಆಗ ಅನ್ನಿಸಿತೇ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ನಮ್ಮದು ನಾಲ್ಕು ಭಾಷೆಯ ಮನೆ. ತುಳುವಿನಲ್ಲಿ ಆಡಿದ್ದು ಮಾಶಿಗೆ ಮುಟ್ಟುತ್ತಿರಲಿಲ್ಲ, ಬಂಗಾಳಿಯಲ್ಲಿ ಆಡಿದ್ದು ನಮಗೆ ಮುಟ್ಟುತ್ತಿರಲಿಲ್ಲ. ಒಂದರಲ್ಲಿ ನಡೆದದ್ದು ಇನ್ನೊಂದರಲ್ಲಿ ನಡೆದೇ ಇಲ್ಲ ಎಂಬಂತೆ ನಾವು ಬದುಕುತ್ತಿದ್ದೆವು. ಬಂಗಾಳಿಯಲ್ಲಿ ಬರೆದರೆ ಅವರದು, ಇಂಗ್ಲಿಷಿನಲ್ಲಿ ಬರೆದರೆ ನನ್ನದು ಎಂದು ನನಗೆ ನಾನೇ ಹೇಳಿಕೊಂಡೆ. ಜೊತೆಗೆ ಅವರೇ "ನಿನ್ನದು" ಅಂದಿದ್ದರಲ್ಲ. ಆದರೆ ಇದೆಲ್ಲ ವಕೀಲಿಕೆ. ಅನ್ನಿಸಿತ್ತು ಎಂಬುದಕ್ಕೆ ಸಾಕ್ಷಿ ನನ್ನ ಹತ್ತಿರವೇ ಇದೆ: ಬಹುಮಾನ ಬಂದ ದಿನ ಅಮ್ಮ ಪಾಯಸ ಮಾಡಿ ಮಾಶಿಗೆ ಲೋಟ ಕೊಟ್ಟಾಗ ಅವರು ಕಣ್ಣರಳಿಸಿ "ಯಾವ ಕಥೆ ಬರೆದೆ?" ಎಂದು ಕೇಳಿದರು, ನಾನು "ಒಂದು ಬೆಕ್ಕಿನ ಕಥೆ" ಎಂದೆ. ಅಪ್ಪ ಐದು ಪ್ರತಿ ತಂದರು. ನಾಲ್ಕನ್ನು ಊರಿಗೆ ಕಳಿಸಿದರು. ಒಂದನ್ನು ನಾನು ಹಾಸಿಗೆಯ ಕೆಳಗಿಟ್ಟು, ಮಾಶಿ ಕೇಳಿದಾಗಲೆಲ್ಲ ಗೆಳತಿಯ ಹತ್ತಿರ ಇದೆ ಅನ್ನುತ್ತಿದ್ದೆ.

ಅಲ್ಲಿಂದ ಅಡಿಗೆಮನೆಗೆ ಹೋಗುವುದು ನನಗೆ ಕಷ್ಟವಾಗತೊಡಗಿತು. ಕುಬ್ಬೂಸನ್ನು ನಮ್ಮ ಕೋಣೆಗೇ ತಂದು ತಿನ್ನತೊಡಗಿದೆ. ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಮಾಶಿ ನಮ್ಮ ಕೋಣೆಯ ಬಾಗಿಲಿಗೆ ಬಂದು ತಟ್ಟಿದರು. ಕೈಗೆಲ್ಲ ಶಾಯಿ, ಮುಖದ ತುಂಬ ನಗು. "ಸಿಕ್ಕಿತು ಕಣೇ, ಕೊನೆ ಸಿಕ್ಕಿತು! ಬಾ, ಕೇಳು ಬಾ." ನಾನು ಪುಸ್ತಕದಿಂದ ತಲೆಯೆತ್ತದೆ, ನಾಳೆ ಪರೀಕ್ಷೆ ಇದೆ ಎಂದೆ. ಪರೀಕ್ಷೆ ಇರಲಿಲ್ಲ. "ಹಾಗಾದರೆ ನಾಳಿದ್ದು" ಎಂದರು. ನಾಳಿದ್ದೂ ಏನೋ ನೆಪ ಹೇಳಿದೆ. ಆಮೇಲೆ ಅವರು ಕರೆಯಲಿಲ್ಲ. ಮೂರು ಸಲ ಹೇಳದೆ ಅವರು ಬರೆದ ಒಂದೇ ಕಥೆ ಅದಿರಬೇಕು.

ಬಂಗಾಳಿಗಳಿಗೆ ದುರ್ಗಾಪೂಜೆಯೆಂದರೆ ದೇವಿ ಎಷ್ಟೋ ಕಥೆಯೂ ಅಷ್ಟೇ. ಪೂಜೆಯ ಹೊತ್ತಿಗೆ ಹೊಸ ಕಥೆಗಳ ಸಂಚಿಕೆ ಬರದಿದ್ದರೆ ಅವರಿಗೆ ಹಬ್ಬವಲ್ಲ. ಕುವೈತಿನ ಅವರ ಸಮಿತಿಯೂ ಒಂದು ಸಂಚಿಕೆ ತರುತ್ತಿತ್ತು. ಮಾಶಿ ದರ್ಜಿಯ ಕಥೆಯನ್ನು ಬರೆದು ಮುಗಿಸಿ ಅದಕ್ಕೆ ಕೊಟ್ಟಿದ್ದರು. ಆ ವರ್ಷ ಕಲ್ಕತ್ತೆಯಿಂದ ಒಬ್ಬ ಸಂಪಾದಕರು ಅತಿಥಿಯಾಗಿ ಬರುವವರಿದ್ದರು. ಅವರ ಮುಂದೆ ಮಾಶಿ ದರ್ಜಿಯ ಕಥೆ ಓದುವುದು, ಅವರಿಗೆ ಹಿಡಿಸಿದರೆ ಮಾಶಿಯ ಕಥೆಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡುವುದು ಎಂದು ಮಾತಾಗಿತ್ತು. ಮಾಶಿ ಹೊಸ ಸೀರೆಗೆ ಫಾಲ್ ಹಚ್ಚುತ್ತಿದ್ದದ್ದು ನನಗೆ ನೆನಪಿದೆ. ಹದಿನೇಳರಿಂದ ಮೂವತ್ತೆಂಟರವರೆಗೆ ಅವರು ಕಾದಿದ್ದದ್ದು ಆ ಒಂದು ಪುಸ್ತಕಕ್ಕೆ.

ಪೂಜೆಗೆ ಮೂರು ವಾರವಿದ್ದಾಗ, ಒಂದು ಶುಕ್ರವಾರ ಮಧ್ಯಾಹ್ನ ಸಮಿತಿಯ ಸಂಚಿಕೆ ನೋಡಿಕೊಳ್ಳುತ್ತಿದ್ದ ಹೆಂಗಸು ನಮ್ಮ ಮನೆಗೆ ಬಂದರು. ಅವರ ಮಗ ತಪನ್ ನನ್ನ ಶಾಲೆಯಲ್ಲೇ ಎರಡು ತರಗತಿ ಕೆಳಗೆ ಓದುತ್ತಿದ್ದ. ಅವರ ಕೈಯಲ್ಲಿ ನಮ್ಮ ಶಾಲೆಯ ವಾರ್ಷಿಕ ಪುಸ್ತಕವಿತ್ತು. ಕೆಟ್ಟ ಹೆಂಗಸಲ್ಲ ಅವರು, ಬಾಗಿಲಲ್ಲೇ ಬೆವರುತ್ತಿದ್ದರು. ಮಾಶಿಯ ಹತ್ತಿರ ಬಂಗಾಳಿಯಲ್ಲಿ ತಗ್ಗಿದ ದನಿಯಲ್ಲಿ ಏನೋ ಹೇಳಿ ಪುಸ್ತಕ ಬಿಚ್ಚಿ ಕೊಟ್ಟರು. ಮಾಶಿ ಕನ್ನಡಕ ಸರಿಮಾಡಿಕೊಂಡು, ಸಾಲಿನ ಕೆಳಗೆ ಬೆರಳು ಹಿಡಿದು, ನಿಧಾನವಾಗಿ ಎರಡೂ ಪುಟ ಓದಿದರು. ಹಾಲಿನಲ್ಲಿ ಅಪ್ಪ ಇದ್ದರು, ಅಮ್ಮ ಇದ್ದಳು, ಸುಬೋಧ್ ಬಾಬು ಇದ್ದರು. ತಪನ್‌ನ ತಾಯಿ ನನ್ನ ಕಡೆ ತಿರುಗಿ ಹಿಂದಿಯಲ್ಲಿ ಮೆಲ್ಲಗೆ ಕೇಳಿದರು: "ಮಗೂ, ಹೆದರಬೇಡ. ಈ ಕಥೆ ನೀನು ಬರೆದದ್ದಾ?"

ಅಪ್ಪ ನನ್ನ ಭುಜದ ಮೇಲೆ ಕೈಯಿಟ್ಟಿದ್ದರು. ಆ ಕೈಯ ಭಾರ ಈಗಲೂ ಇದೆ. "ಹೌದು ಆಂಟಿ. ನಾನೇ ಬರೆದದ್ದು" ಎಂದೆ.

"ಫಸ್ಟ್ ಪ್ರೈಜ್ ಬಂದಿದೆ" ಎಂದು ಅಪ್ಪ ಸೇರಿಸಿದರು. ಪಾಪ, ಅವರಿಗೆ ಏನು ನಡೆಯುತ್ತಿದೆ ಎಂದು ಗೊತ್ತಿರಲಿಲ್ಲ.

ಮಾಶಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿತ್ತು ಎಂದು ಬರೆಯಲು ನನಗೆ ಆಸೆ. ಇರಲಿಲ್ಲ. ನನ್ನ ಗುಟ್ಟು ತಮ್ಮ ಕೈಯಿಂದ ಜಾರಿ ಬಿದ್ದೀತೆಂದು ಅವರಿಗೇ ಭಯವಾದ ಹಾಗಿತ್ತು. ಆಮೇಲೆ, ಬಂಗಾಳಿಯಲ್ಲಲ್ಲ, ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲಿ ಹೇಳಿದರು: "ಹುಡುಗಿ ಹೇಳುವುದು ನಿಜ. ಅವಳು ಅಡಿಗೆಮನೆಯಲ್ಲಿ ಹೇಳಿದ್ದನ್ನು ಕೇಳಿ ನಾನು ಬರೆದೆ. ತಪ್ಪು ನನ್ನದು. ನನ್ನ ಕಾಗದ ವಾಪಸು ಕೊಡಿ." ಸುಬೋಧ್ ಬಾಬು ಏನೋ ಹೇಳಲು ಬಾಯಿ ತೆರೆದರು. ಮಾಶಿ ಅವರ ಕಡೆ ಕೈ ಎತ್ತಿ ತಡೆದು, ಬಂದವರಿಗೆ ಚಹಾ ಇಡಲು ಎದ್ದು ಹೋದರು.

ಆ ವರ್ಷ ಅವರು ಪೂಜೆಗೆ ಹೋಗಲಿಲ್ಲ. ಅವರ ಜನ ಅವರನ್ನು ಎದುರಿಗೆ ಏನೂ ಅನ್ನಲಿಲ್ಲವಂತೆ. ಕರೆಯುವುದನ್ನು ಮಾತ್ರ ಬಿಟ್ಟರು. ನಮ್ಮ ಮನೆಯಲ್ಲಿ ಆ ಉಪಚಾರವೂ ಇರಲಿಲ್ಲ. ಅಮ್ಮ ಬಾಗಿಲು ತೆರೆದಿಟ್ಟೇ ಅಪ್ಪನ ಹತ್ತಿರ ಹೇಳಿದಳು, ತುಳುವಿನಲ್ಲೇ, ಆದರೆ ಹಿಂದಿಯಲ್ಲಿ ಹೇಳಬೇಕಾದ ಅಗತ್ಯವೇ ಇಲ್ಲದಷ್ಟು ಗಟ್ಟಿಯಾಗಿ: "ಸಣ್ಣ ಮಗುವಿನ ಕಥೆಯನ್ನೂ ಬಿಡ್ಲಿಕ್ಕಿಲ್ಲವಾ? ನಮ್ಮ ಉಪ್ಪು ತಿಂದು ನಮ್ಮ ಮಗಳದ್ದನ್ನೇ ಕದಿಯೋದಾ?" ಮರುದಿನದಿಂದ ಮೆಟ್ಟುಕತ್ತಿ ನಮ್ಮ ಮಂಚದ ಕೆಳಗೆ ಹೋಯಿತು. ಮಾಶಿ ಚಾಕುವಿನಲ್ಲಿ ಮೀನು ಕೊಯ್ಯಲು ಕಷ್ಟಪಡುತ್ತಿದ್ದದ್ದನ್ನು ನಾನು ನೀರು ಕುಡಿಯಲು ಹೋದಾಗ ನೋಡಿದೆ. ಬಾಯಿ ತೆರೆದರೆ ಒಂದೇ ವಾಕ್ಯ ಸಾಕಿತ್ತು. ಪ್ರತಿದಿನ ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಅಪ್ಪ ಊರಿಗೆ ಫೋನು ಮಾಡಿದಾಗಲೆಲ್ಲ "ನಮ್ಮ ಹುಡುಗಿ ರೈಟರ್ ಉಂಟು" ಅನ್ನುತ್ತಿದ್ದರು. ಆ ಮಾತು ಕೇಳುತ್ತಲೇ ನನ್ನ ಧೈರ್ಯ ಕರಗುತ್ತಿತ್ತು. ಇದೂ ನೆಪವೇ. ಹದಿಮೂರು ವರ್ಷದವಳಿಗೆ ಭಯ ಇರುತ್ತದೆ, ಒಪ್ಪಿದೆ. ಇಪ್ಪತ್ತಮೂರರಲ್ಲಿ, ಮೂವತ್ತಮೂರರಲ್ಲಿ ನನಗೆ ಏನಾಗಿತ್ತು?

ನಾಲ್ಕು ತಿಂಗಳಲ್ಲಿ ಅವರು ಕೋಣೆ ಬಿಟ್ಟು ಮಂಗಫ್ ಕಡೆಗೆ ಹೋದರು. ಹೋಗುವ ದಿನ ಅಮ್ಮ ಹೊರಗೆ ಬರಲಿಲ್ಲ. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಸುಬೋಧ್ ಬಾಬು ಕಪಾಟನ್ನು ಇಳಿಸಲು ಕಟ್ಟಡದ ಕಾವಲಿನವನನ್ನು ಕರೆಯಲು ಹೋಗಿದ್ದರು. ಮಾಶಿ ನನ್ನ ಹತ್ತಿರ ಬಂದು ತಲೆ ಮೇಲೆ ಕೈಯಿಟ್ಟು, "ಬರೀತಾ ಇರು" ಎಂದರು. ಅಷ್ಟೇ. ವ್ಯಂಗ್ಯ ಅವರಿಗೆ ಬರುತ್ತಿರಲಿಲ್ಲ; ನಿಜವಾಗಿಯೂ ಹಾಗೆಂದೇ ಹೇಳಿದರು. ಆಮೇಲೆ ನಾನು ಒಂದು ಕಥೆಯನ್ನೂ ಬರೆಯಲಿಲ್ಲ.

ಅವರನ್ನು ಇನ್ನೊಂದೇ ಸಲ ನೋಡಿದೆ. ಮಂಗಳೂರಲ್ಲಿ ಓದು ಮುಗಿಸಿ, ಕೆಲಸ ಹಿಡಿದು ಇಲ್ಲಿಗೇ ಮರಳಿ, ಮದುವೆಯಾಗಿ, ಮಗಳೂ ಆದ ಮೇಲೆ. ಜಮಿಯಾದಲ್ಲಿ ತರಕಾರಿ ತೂಗುವ ಕಡೆ ಮುಂದೆ ನಿಂತಿದ್ದವರ ಕೂದಲು ಪೂರಾ ಬಿಳಿ, ಕನ್ನಡಕ ಅದೇ. ಕೈಚೀಲದಿಂದ ಮೂಲಂಗಿಯ ಸೊಪ್ಪು ಇಣುಕುತ್ತಿತ್ತು. ನನಗೂ ಅವರಿಗೂ ನಡುವೆ ನಾಲ್ಕು ಹೆಜ್ಜೆ ಇತ್ತು. ನಾನು ಗಾಡಿಯನ್ನು ಹಿಂದಕ್ಕೆಳೆದು, ಬಿಸ್ಕತ್ತಿನ ಡಬ್ಬಗಳ ಕಪಾಟಿನ ಹಿಂದೆ ಹೋಗಿ ನಿಂತೆ. "ವಾಟ್ ಆರ್ ಯು ಡೂಯಿಂಗ್, ಮಮ್ಮಾ?" ಎಂದು ಮಗಳು ಕೇಳಿದಳು. ಬಿಸ್ಕತ್ತು ಹುಡುಕುತ್ತಿದ್ದೇನೆ ಎಂದೆ. ಅವರು ಹೋದರೆಂದು ಖಾತ್ರಿಯಾಗುವವರೆಗೆ ಒಂದೇ ಡಬ್ಬದ ಮೇಲಿನ ಬರಹ ಓದುತ್ತ ನಿಂತಿದ್ದೆ.

ಹವಲ್ಲಿಯ ಆ ಕಟ್ಟಡ ಈಗಿಲ್ಲ. ಕೆಡವಿ, ಕೆಳಗೆ ಫೋನಿನ ಅಂಗಡಿಗಳಿರುವ ಎತ್ತರದ್ದೊಂದನ್ನು ಕಟ್ಟಿದ್ದಾರೆ. ಅಪ್ಪ ಹೋದರು, ಮಗಳು ಕಥೆಗಾರ್ತಿ ಎಂದು ನಂಬಿಕೊಂಡೇ ಹೋದರು. ಅಮ್ಮ ಊರಲ್ಲಿ, ಅಲ್ಲಿಯೇ ಓದಿ ಬೆಳೆದ ನನ್ನ ಅಣ್ಣನ ಜೊತೆ ಇದ್ದಾಳೆ. ಹಳೆಯದು ಅವಳಿಗೆ ಈಗ ಅಷ್ಟಾಗಿ ನೆನಪಿಲ್ಲ. ಮಾಶಿ ಊರಿಗೆ ಮರಳಿ ಅಲ್ಲಿಯೇ ತೀರಿಕೊಂಡರೆಂಬ ಸುದ್ದಿಯನ್ನು ನನಗೆ ಹೇಳಿದವನು ತಪನ್. ಅದೇ ತಪನ್, ಈಗ ಸಿಟಿಯಲ್ಲಿ ನಮ್ಮ ಆಫೀಸಿನ ಕಟ್ಟಡದಲ್ಲೇ ಅವನ ಬ್ಯಾಂಕು. ಕೆಳಗೆ ಚಹಾ ಕುಡಿಯುವಾಗ ಸಿಗುತ್ತಾನೆ. ಎರಡು ತಿಂಗಳ ಹಿಂದೆ ಅವನು ಒಂದು ಪುಸ್ತಕ ತಂದು ನನ್ನ ಮುಂದಿಟ್ಟ. "ನೀವು ಒಂದೇ ಮನೆಯಲ್ಲಿದ್ದವರಲ್ಲವಾ ದೀದಿ? ಬೀಥಿಕಾ ಮಾಶಿಯ ಎಲ್ಲ ಕಥೆ ಸೇರಿಸಿ ನಮ್ಮ ಸಮಿತಿಯವರೇ ಅಚ್ಚು ಹಾಕಿಸಿದ್ದೇವೆ." ದಪ್ಪ ಪುಸ್ತಕ. ಮಂಗಫ್‌ಗೆ ಹೋಗಿ ಆರು ವರ್ಷ ಏನೂ ಬರೆಯದೆ ಇದ್ದವರು ಆಮೇಲೆ ಇಷ್ಟು ಬರೆದಿದ್ದರಂತೆ. ನನಗೆ ಒಂದಕ್ಷರ ಓದಲು ಬಾರದು. ಸುಮ್ಮನೆ ಪುಟ ತಿರುಗಿಸಿದೆ. ಕೊನೆಗೆ ಕೇಳಿದೆ, ಒಬ್ಬ ದರ್ಜಿಯ ಕಥೆ ಇದೆಯಾ ಇದರಲ್ಲಿ?

ತಪನ್ ಪರಿವಿಡಿಯ ಮೇಲೆ ಬೆರಳಾಡಿಸಿದ. ಇಲ್ಲ ಎಂದ. ಆಮೇಲೆ ಏನೋ ನೆನಪಾಗಿ ಮೊದಲ ಪುಟಗಳಿಗೆ ಬಂದ. ಸುಬೋಧ್ ಬಾಬು ಬರೆದ ಮುನ್ನುಡಿ. ಅದರ ಒಂದು ಭಾಗವನ್ನು ಓದುತ್ತ ಹಿಂದಿಯಲ್ಲಿ ಹೇಳಿದ. ಅಚ್ಚಾಗುವವರೆಗೆ ಬೀಥಿಕಾ ತನ್ನ ಬರಹವನ್ನು ಗಂಡನಿಗೂ ತೋರಿಸುತ್ತಿರಲಿಲ್ಲ. ದರ್ಜಿಯೊಬ್ಬನ ಮೇಲೆ ಒಂದು ಕಥೆ ಬರೆದಿದ್ದಳು, ಅದೇ ತನ್ನ ಕಥೆಗಳಲ್ಲೆಲ್ಲ ಒಳ್ಳೆಯದು ಅನ್ನುತ್ತಿದ್ದಳು. ಅದನ್ನು ಯಾವ ಪತ್ರಿಕೆಯಲ್ಲೂ ಅಚ್ಚು ಹಾಕಿಸಲಿಲ್ಲ. ಹುಡುಕಿದರೂ ಅವಳ ಕಾಗದಗಳಲ್ಲಿ ಸಿಗಲಿಲ್ಲ. ಕೇಳಿದಾಗೆಲ್ಲ ಅವಳದು ಒಂದೇ ಉತ್ತರ: "ಅದು ನಾನು ಒಂದು ಮಗುವಿಗೆ ಕೊಟ್ಟದ್ದು."

ಎದುರಿಗಿದ್ದ ಚಹಾ ಆರಿತು. ಅಲ್ಲಿಯೇ, ಅರಬಿಗಳೂ ಫಿಲಿಪಿನೋಗಳೂ ತುಂಬಿದ್ದ ಆ ಹೋಟೆಲಿನಲ್ಲಿ, ಮೂವತ್ತು ವರ್ಷದಿಂದ ನಾಳೆ ಎಂದುಕೊಂಡು ಬಂದ ಆ ವಾಕ್ಯವನ್ನು ಹೇಳಿದೆ. ಕೊಟ್ಟದ್ದಲ್ಲ ತಪನ್, ನಾನು ಕದ್ದದ್ದು. ನಿನ್ನ ಅಮ್ಮ ಕೇಳಿದಾಗ ಸುಳ್ಳು ಹೇಳಿದೆ. ಅವನು ಪುಸ್ತಕ ಮುಚ್ಚಿದ. "ಶಾಲೆಯ ಆ ವಾರ್ಷಿಕ ಪುಸ್ತಕವನ್ನು ಮನೆಗೆ ತಂದವ ನಾನೇ" ಎಂದ. "ಅಮ್ಮ ಹೋಗಿ ಆರು ವರ್ಷ ಆಯ್ತು. ಬೀಥಿಕಾ ಮಾಶಿಯ ಹೆಸರು ಬಂದಾಗೆಲ್ಲ ಅಮ್ಮ ಮುಖ ತಿರುಗಿಸ್ತಿದ್ದಳು." ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸುಖವಿತ್ತು. ಬದಲಿಗೆ, ಕಥೆ ಹೇಳಿ ಎಂದ. ಎರಡನೆಯ ಮುದ್ರಣಕ್ಕೆ ಅದನ್ನು ಬಂಗಾಳಿ ಮಾಡಿ, ಅವರ ಹೆಸರಲ್ಲೇ ಸೇರಿಸೋಣ. ನಡೆದದ್ದನ್ನು ನೀವು ಕೆಳಗೆ ಬರೆದುಕೊಡಿ.

ಹೇಳಿದೆ. ನೂಲು, ಗಂಟು, ಬೆಲ್ಲದ ಚೂರು, ಏಳು ಫ್ರಾಕು. ಮಾಶಿ ಹೇಳಿದ ಹಾಗೆಯೇ, ಹರಕು ಹಿಂದಿಯಲ್ಲಿ. ಪೆಟ್ಟಿಗೆ ತೆರೆದಲ್ಲಿಗೆ ನಾನು ನಿಲ್ಲಿಸಿದೆ. ತಪನ್ ಮುಂದಕ್ಕೆ ಬಾಗಿ ಕೂತಿದ್ದ. "ಆಮೇಲೆ?" ಎಂದ. "ಹೆಂಡತಿಗೆ ಏನಂದ?"

ನನ್ನ ಹತ್ತಿರ ಇಲ್ಲ ಎಂದೆ. ಅದನ್ನು ಓದಿದ್ದವರು ಅವನ ಅಮ್ಮ ಒಬ್ಬರೇ.

ಅವನು ಕೇಳಿದ ಟಿಪ್ಪಣಿಯನ್ನು ಬರೆಯಲು ನನಗೆ ಎರಡು ತಿಂಗಳು ಹಿಡಿಯಿತು. ವಿವರಣೆ, ವಯಸ್ಸು, ಅಪ್ಪನ ಕೈ, ಎಲ್ಲ ಬರೆದು ಬರೆದು ಹರಿದೆ. ನಿನ್ನೆ ಕೊಟ್ಟದ್ದರಲ್ಲಿ ಇಷ್ಟೇ ಇದೆ: ಈ ಕಥೆ ಬೀಥಿಕಾ ಅವರದು. ನಾನು ಇದನ್ನು ಕದ್ದೆ, ಕೇಳಿದಾಗ ನನ್ನದೆಂದೆ. ಇದರ ಕೊನೆಯನ್ನು ಹೇಳಲು ಅವರು ನನ್ನನ್ನು ಕರೆದಿದ್ದರು. ನಾನು ಹೋಗಲಿಲ್ಲ.

ಕೆಳಗೆ ನನ್ನ ಪೂರ್ತಿ ಹೆಸರು ಬರೆದಿದ್ದೇನೆ.